ಮನೆಮಂದಿಯ ಫೋನುಗಳಿಗೆ ಕಾವಲು: ಅಮ್ಮನಿಗೂ ಮಕ್ಕಳಿಗೂ ಏನು ಹಾಕಿಕೊಡಬೇಕು?

ಅಡಿಕೆತೋಟ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಮನೆಯಲ್ಲಿ ನಡೆದ ಒಂದು ಘಟನೆಯಿಂದಾಗಿ ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಎಪ್ಪತ್ತೊಂದು ವರ್ಷದ ನನ್ನ ಅಮ್ಮ ಸಾಗರದ ಹತ್ತಿರದ ಊರಿನಲ್ಲಿ ಒಬ್ಬರೇ ಇರುತ್ತಾರೆ. ನಾನು ಹೆಂಡತಿ ಮಕ್ಕಳೊಂದಿಗೆ ಬೆಂಗಳೂರಿನಲ್ಲಿದ್ದೇನೆ. ದೊಡ್ಡಮ್ಮನ ಮಗನ ವಾಟ್ಸ್‌ಆ್ಯಪ್ ಸಂಖ್ಯೆಯಿಂದಲೇ ಅಮ್ಮನಿಗೆ 'ಮದುವೆ ಕರೆಯೋಲೆ' ಎಂಬ ಹೆಸರಿನ ಕಡತವೊಂದು ಬಂದಿದೆ. ಒತ್ತಿದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಮೂಡಿದೆ. ಅದನ್ನು ಓದಲಾಗದೆ, ಹಾಗೇ ಬಿಟ್ಟು, ನನಗೆ ಫೋನ್ ಮಾಡಿ 'ಇದು ಯಾರ ಮದುವೆಯೋ, ನಿನಗೂ ಕರೆದಿದ್ದಾರೇನೋ' ಎಂದು ಕೇಳಿದರು. ನಾನು ಪರದೆಯ ಚಿತ್ರ ತರಿಸಿಕೊಂಡು ನೋಡಿದರೆ ಕಡತದ ಹೆಸರು 'ಎಪಿಕೆ' ಎಂಬ ಮೂರಕ್ಷರದಲ್ಲಿ ಮುಗಿದಿತ್ತು. ದೊಡ್ಡಮ್ಮನ ಮಗನ ಫೋನು ಎರಡು ದಿನ ಮೊದಲೇ ಕಳ್ಳರ ಕೈಸೇರಿ, ಅವನ ಪರಿಚಯದವರೆಲ್ಲರಿಗೂ ಅದೇ ಕಡತ ಹೋಗಿದೆ ಎಂಬುದು ಆಮೇಲೆ ತಿಳಿಯಿತು.

ಅಮ್ಮನ ಪಿಂಚಣಿ, ಅಡಿಕೆ ಮಾರಿದ ಹಣ, ಎಲ್ಲವೂ ಆ ಒಂದೇ ಫೋನಿಗೆ ಜೋಡಿಸಿದ ಖಾತೆಯಲ್ಲಿದೆ. ಇತ್ತ ನನ್ನ ಮಗಳು ಆರನೆಯ ತರಗತಿಯಲ್ಲಿದ್ದಾಳೆ, ಮಗ ಪಿಯುಸಿಯಲ್ಲಿದ್ದಾನೆ. ಇಬ್ಬರ ಕೈಯಲ್ಲೂ ಫೋನಿದೆ. ವರ್ಷಕ್ಕೆ ಹಣ ಕಟ್ಟಿ ಕೊಳ್ಳುವ ಆ್ಯಂಟಿವೈರಸ್ ಒಂದನ್ನು ಎಲ್ಲರ ಫೋನಿಗೂ ಹಾಕಿದರೆ ಸಾಕೇ, ಅಥವಾ ಬೇರೆ ದಾರಿಯಿದೆಯೇ ಎಂದು ತಿಳಿದವರು ವಿವರವಾಗಿ ಹೇಳಬೇಕೆಂದು ವಿನಂತಿ.

ಕೋಡ್‌ಕುಟೀರ

ನಿಮ್ಮ ಅಮ್ಮ ಮುಂದುವರಿಯದೆ ಕೇಳಿದರಲ್ಲ, ಅದಕ್ಕೆ ಮೊದಲು ಅವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಹತ್ತು ವರ್ಷಗಳಿಂದ ಮೊಬೈಲ್ ಆ್ಯಪ್‌ಗಳ ಭದ್ರತೆಯ ಕೆಲಸದಲ್ಲಿದ್ದೇನೆ, ಆದ್ದರಿಂದ ಈ ಕಡತ ಏನು ಮಾಡುತ್ತದೆ ಎಂಬುದರಿಂದ ಆರಂಭಿಸುತ್ತೇನೆ.

ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪ್‌ನ ಮೂಲ ಕಡತ. ಪ್ಲೇ ಸ್ಟೋರಿನ ಹೊರಗಿನಿಂದ ಬಂದ ಇಂಥ ಆ್ಯಪ್ ಒಳಹೊಕ್ಕ ಕೂಡಲೇ ಎಸ್‌ಎಂಎಸ್ ಓದುವ ಅನುಮತಿಯನ್ನು ಕೇಳುತ್ತದೆ. ಅದು ಸಿಕ್ಕರೆ ಬ್ಯಾಂಕಿನಿಂದ ಬರುವ ಒಟಿಪಿಗಳೆಲ್ಲ ನಿಮಗೆ ಗೊತ್ತಾಗದಂತೆ ಬೇರೆಯವರಿಗೆ ಹೋಗುತ್ತವೆ. ಇನ್ನೂ ಅಪಾಯಕಾರಿಯಾದದ್ದು 'ಆ್ಯಕ್ಸೆಸಿಬಿಲಿಟಿ' ಎಂಬ ಅನುಮತಿ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವಂಥ ಸಹಾಯಕ ಆ್ಯಪ್‌ಗಳಿಗಾಗಿ ಮಾಡಿದ ಈ ಸೌಲಭ್ಯವನ್ನು ಕಳ್ಳ ಆ್ಯಪ್‌ಗಳು ಪಡೆದುಕೊಂಡರೆ, ಪರದೆಯಲ್ಲಿ ಕಾಣುವುದನ್ನು ಓದಬಲ್ಲವು, ನಿಮ್ಮ ಪರವಾಗಿ ಗುಂಡಿಗಳನ್ನೂ ಒತ್ತಬಲ್ಲವು. ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಕಂತು, ಬ್ಯಾಂಕಿನ ಕೆವೈಸಿ, ಹೀಗೆ ವೇಷ ಮಾತ್ರ ಬದಲಾಗುತ್ತದೆ.

ಇದನ್ನು ತಡೆಯುವ ಸಾಧನ ಈಗಾಗಲೇ ಅಮ್ಮನ ಫೋನಿನಲ್ಲೇ ಇದೆ. ಪ್ಲೇ ಸ್ಟೋರ್ ತೆರೆದು, ಮೇಲಿನ ಬಲತುದಿಯ ಚಿತ್ರವನ್ನು ಒತ್ತಿದರೆ ಪ್ಲೇ ಪ್ರೊಟೆಕ್ಟ್ ಸಿಗುತ್ತದೆ. ಅದು ಚಾಲೂ ಇದೆಯೇ ನೋಡಿ. ಎಸ್‌ಎಂಎಸ್ ಮತ್ತು ಆ್ಯಕ್ಸೆಸಿಬಿಲಿಟಿಯಂಥ ಅನುಮತಿಗಳನ್ನು ಬೇಡುವ ಹೊರಗಿನ ಆ್ಯಪ್‌ಗಳನ್ನು ಅನುಸ್ಥಾಪನೆಯ ಹಂತದಲ್ಲೇ ತಡೆಯುವ ಏರ್ಪಾಡನ್ನು ಗೂಗಲ್ 2024ರ ಕೊನೆಯ ತಿಂಗಳುಗಳಲ್ಲಿ ಭಾರತದಲ್ಲಿ ಪ್ರಯೋಗಕ್ಕೆ ತಂದಿತು. ಮೋಸಗಾರರು ಕರೆ ಮಾಡಿ ಮೊದಲು ಹೇಳುವುದೇ ಇದನ್ನು ನಿಲ್ಲಿಸಲು, ಹಾಗಾಗಿ 'ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ' ಎಂದು ಯಾರೇ ಹೇಳಿದರೂ ಅವರು ಕಳ್ಳರೇ ಎಂದು ಅಮ್ಮನಿಗೆ ತಿಳಿಸಿ. ಎರಡನೆಯದು, ಸೆಟ್ಟಿಂಗ್ಸ್‌ನಲ್ಲಿ 'ಅಪರಿಚಿತ ಆ್ಯಪ್‌ಗಳ ಅನುಸ್ಥಾಪನೆ' ಎಂಬ ಭಾಗಕ್ಕೆ ಹೋಗಿ, ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಈ ಮೂರರ ಎದುರಿನ ಅನುಮತಿ ಮುಚ್ಚಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಹಣ ಕೊಟ್ಟು ಕೊಳ್ಳುವ ಆ್ಯಂಟಿವೈರಸ್ ಬಗ್ಗೆ ನನ್ನ ಅಭಿಪ್ರಾಯ ನೇರವಾದದ್ದು: ಪ್ಲೇ ಸ್ಟೋರಿನಿಂದ ಮಾತ್ರ ಆ್ಯಪ್ ಹಾಕಿಕೊಳ್ಳುವ, ನಿಯಮಿತವಾಗಿ ಅಪ್‌ಡೇಟ್ ಆಗುವ ಫೋನಿಗೆ ಅದರ ಅಗತ್ಯ ಕಡಿಮೆ. ಆ ಹಣಕ್ಕೆ ಇನ್ನಷ್ಟು ಸೇರಿಸಿ, ಭದ್ರತಾ ಅಪ್‌ಡೇಟ್ ನಿಂತುಹೋದ ಹಳೆಯ ಫೋನನ್ನು ಬದಲಿಸುವುದು ಹೆಚ್ಚು ಫಲ ಕೊಡುತ್ತದೆ. ಹೆಚ್ಚಿನ ಪರೀಕ್ಷೆ ಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ರೂಪಿಸಿದ ಎಂ-ಕವಚ್ 2 ಎಂಬ ಭದ್ರತಾ ಆ್ಯಪ್ ಉಚಿತವಾಗಿಯೇ ಇದೆ; ಅದರ ಕೊಂಡಿ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿದೆ.

ಮೂರನೆಯ ಸಾಧನ ಡಿಎನ್‌ಎಸ್ ಸೋಸುವಿಕೆ. ಫೋನು ಯಾವ ತಾಣಕ್ಕೆ ಹೋಗಬೇಕಾದರೂ ಮೊದಲು ಅದರ ವಿಳಾಸವನ್ನು ಒಂದು ಸರ್ವರಿನಲ್ಲಿ ಕೇಳುತ್ತದೆ. ಕೆಟ್ಟ ತಾಣಗಳ ವಿಳಾಸವನ್ನು ಹೇಳದ ಸರ್ವರನ್ನು ನಾವು ಆರಿಸಿಕೊಂಡರೆ ಆ ತಾಣಗಳು ತೆರೆಯುವುದೇ ಇಲ್ಲ. ಕ್ಲೌಡ್‌ಫ್ಲೇರ್ 2020ರ ಏಪ್ರಿಲ್‌ನಲ್ಲಿ ಮನೆಗಳಿಗಾಗಿ ಇಂಥದ್ದನ್ನು ಉಚಿತವಾಗಿ ಕೊಟ್ಟಿತು: 1.1.1.2 ಎಂಬುದು ದುರುದ್ದೇಶದ ತಾಣಗಳನ್ನು, 1.1.1.3 ಎಂಬುದು ಅವುಗಳ ಜೊತೆಗೆ ವಯಸ್ಕರ ತಾಣಗಳನ್ನೂ ತಡೆಯುತ್ತದೆ. ವೈಫೈ ರೂಟರಿನಲ್ಲಿ ಒಮ್ಮೆ ಹಾಕಿದರೆ ಮನೆಯ ಟಿವಿಯಿಂದ ಮಗಳ ಟ್ಯಾಬ್‌ವರೆಗೆ ಎಲ್ಲಕ್ಕೂ ಅನ್ವಯಿಸುತ್ತದೆ. ಮೊಬೈಲ್ ಡೇಟಾದಲ್ಲೂ ಅದು ಕೆಲಸ ಮಾಡಬೇಕೆಂದರೆ ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳಲ್ಲಿರುವ 'ಪ್ರೈವೇಟ್ ಡಿಎನ್‌ಎಸ್' ಸೌಲಭ್ಯವನ್ನು ಬಳಸಿ. ಆದರೆ ನಿನ್ನೆ ಹುಟ್ಟಿದ ನಕಲಿ ತಾಣ ಅದರ ಪಟ್ಟಿಯಲ್ಲಿ ಇರಲಾರದು, ವಾಟ್ಸ್‌ಆ್ಯಪ್‌ನೊಳಗೆ ನೇರವಾಗಿ ಬಂದ ಕಡತ ಅದರ ಕಣ್ಣಿಗೆ ಬೀಳುವುದೂ ಇಲ್ಲ.

ಧಾರವಾಡದ ನಿವೃತ್ತ

ಮೂವತ್ತೆರಡು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ನಾನು. ಕೋಡ್‌ಕುಟೀರದವರು ಫೋನಿನ ಕಾವಲನ್ನು ಚೆನ್ನಾಗಿ ಹೇಳಿದ್ದಾರೆ. ಹಣದ ಕಡೆಯ ಕಾವಲನ್ನು ನಾನು ಸೇರಿಸುತ್ತೇನೆ, ಏಕೆಂದರೆ ಕಳ್ಳ ಒಳಗೆ ಬಂದರೂ ತಿಜೋರಿಯಲ್ಲಿ ಎಷ್ಟಿದೆ ಎಂಬುದು ನಮ್ಮ ಕೈಯಲ್ಲೇ ಇರುತ್ತದೆ.

ತಾಯಿಯವರ ಹೆಸರಿನಲ್ಲಿ ಎರಡು ಖಾತೆಗಳಿರಲಿ. ಯುಪಿಐ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ ಇರಲಿ, ಉಳಿದದ್ದು ಮೊಬೈಲ್ ಬ್ಯಾಂಕಿಂಗ್ ಇಲ್ಲದ ಖಾತೆಯಲ್ಲಿರಲಿ. ಎಫ್‌ಡಿಯನ್ನು ಶಾಖೆಗೆ ಬಂದು ಸಹಿ ಹಾಕಿದರೆ ಮಾತ್ರ ಮುರಿಯುವಂತೆ ಮಾಡಲು ಸಾಧ್ಯವೇ ಎಂದು ವ್ಯವಸ್ಥಾಪಕರನ್ನು ಕೇಳಿ. ಡೆಬಿಟ್ ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಗ್ರಾಹಕರೇ ತೆರೆಯುವ, ಮುಚ್ಚುವ ಸೌಲಭ್ಯವನ್ನು ಬ್ಯಾಂಕುಗಳು ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2020ರಲ್ಲೇ ಆದೇಶಿಸಿದೆ. ತಾಯಿಯವರಿಗೆ ಅವೆರಡೂ ಬೇಡವೆಂದಾದರೆ ಇಂದೇ ಮುಚ್ಚಿಬಿಡಿ. ಯುಪಿಐ ಸರ್ಕಲ್ ಎಂಬ ವ್ಯವಸ್ಥೆಯೂ 2024ರಿಂದ ಇದೆ: ಅದರಲ್ಲಿ ಮಗನ ಖಾತೆಯಿಂದ ತಾಯಿ ಪಾವತಿ ಆರಂಭಿಸಬಹುದು, ಪ್ರತಿ ಪಾವತಿಗೂ ಮಗ ತನ್ನ ಪಿನ್ ಒತ್ತಿ ಒಪ್ಪಿಗೆ ಕೊಡುವಂತೆಯೂ ಇಟ್ಟುಕೊಳ್ಳಬಹುದು.

ಆಧಾರ್ ಬೆರಳಚ್ಚಿನ ಬೀಗವನ್ನು ಮರೆಯಬೇಡಿ. 2023ರಲ್ಲಿ ನಮ್ಮ ರಾಜ್ಯದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರ ಖಾತೆಗಳಿಂದ ಒಟಿಪಿಯೇ ಬರದೆ ಹಣ ಹೋದ ದೂರುಗಳು ದಾಖಲಾದವು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನಿಂದ ನಕಲಿ ಅಚ್ಚು ಮಾಡಿ, ಆಧಾರ್ ಆಧಾರಿತ ಪಾವತಿಯ ಯಂತ್ರದಲ್ಲಿ ಒತ್ತಿ ಹಣ ತೆಗೆದಿದ್ದರು. ಇದಕ್ಕೆ ಫೋನಿನ ಆ್ಯಂಟಿವೈರಸ್ ಏನು ಮಾಡೀತು? ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲೋ ತಾಣದಲ್ಲೋ ಬಯೋಮೆಟ್ರಿಕ್ ಲಾಕ್ ಒತ್ತಿದರೆ ಆ ದಾರಿ ಮುಚ್ಚುತ್ತದೆ. ಪಡಿತರ ಅಂಗಡಿಯಲ್ಲಿ ಬೆರಳೊತ್ತಬೇಕಾದ ದಿನ ತಾತ್ಕಾಲಿಕವಾಗಿ ತೆರೆದುಕೊಳ್ಳಬಹುದು.

ಇನ್ನು 'ಡಿಜಿಟಲ್ ಅರೆಸ್ಟ್'. ನನ್ನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರನ್ನು ವಿಡಿಯೊ ಕರೆಯಲ್ಲಿ ಪೊಲೀಸ್ ವೇಷದವರು ಎರಡು ದಿನ ಕೋಣೆಯೊಳಗೆ ಕೂರಿಸಿದ್ದರು. ಜೀವನವಿಡೀ ಬೇರೆಯವರ ಸಹಿ ಪರೀಕ್ಷಿಸಿದ ಮನುಷ್ಯ, ಹೆದರಿಕೆಯಿಂದ ಹೆಂಡತಿಗೂ ಹೇಳಲಿಲ್ಲ. ಪ್ರಧಾನಿಯವರು 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಇಂಥದ್ದೇ ಒಂದು ಕರೆಯನ್ನು ಕೇಳಿಸಿದರು. ಅದು ನಮ್ಮ ವಿಜಯಪುರದವರೊಬ್ಬರಿಗೆ ಬಂದದ್ದು. ಕಾನೂನಿನಲ್ಲಿ ಡಿಜಿಟಲ್ ಬಂಧನ ಎಂಬುದೇ ಇಲ್ಲ ಎಂಬ ಒಂದು ವಾಕ್ಯವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ತಾಯಿಯವರ ಫೋನಿನ ಹಿಂಭಾಗಕ್ಕೆ ಅಂಟಿಸಿ, ಅದರ ಕೆಳಗೆ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಎಂಬ ಸಂಖ್ಯೆಯನ್ನು ಬರೆಯಿರಿ. ಹಣ ಹೋದ ಕ್ಷಣದಿಂದ ಆ ಸಂಖ್ಯೆಗೆ ಎಷ್ಟು ಬೇಗ ಕರೆ ಹೋಗುತ್ತದೋ ಅಷ್ಟು ಮೊತ್ತ ದಾರಿಯಲ್ಲೇ ತಡೆಹಿಡಿಯಲ್ಪಡುವ ಸಾಧ್ಯತೆ ಹೆಚ್ಚು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆಯಿಲ್ಲ. ತಾನೇ ಒಟಿಪಿ ಹೇಳಿದ್ದರೆ ಈ ರಕ್ಷಣೆ ಸಿಗದು, ಆದರೆ ಬ್ಯಾಂಕಿಗೆ ತಿಳಿಸಿದ ನಂತರ ಹೋದ ಹಣಕ್ಕೆ ಬ್ಯಾಂಕೇ ಹೊಣೆ. ಆದ್ದರಿಂದ ನಾಚಿಕೆಯಿಂದ ಒಂದು ಗಂಟೆಯನ್ನೂ ಕಳೆಯಬಾರದು.

ಕಡಲತಡಿಯ ಟೀಚರ್

ಉಡುಪಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಮಕ್ಕಳ ಬಗ್ಗೆ ಕೇಳಿದ ಭಾಗಕ್ಕೆ ಉತ್ತರಿಸುತ್ತೇನೆ.

ಆರನೆಯ ತರಗತಿಯ ಮಗಳಿಗೆ ಗೂಗಲ್ ಫ್ಯಾಮಿಲಿ ಲಿಂಕ್ ಸಾಕು, ಅದು ಉಚಿತ. ಅವಳ ವಯಸ್ಸಿಗೆ ತಕ್ಕ ಖಾತೆಯನ್ನು ನಿಮ್ಮ ಖಾತೆಯ ಕೆಳಗೆ ತೆರೆದರೆ, ಅವಳು ಹೊಸ ಆ್ಯಪ್ ಬೇಕೆಂದಾಗ ಕೋರಿಕೆ ನಿಮ್ಮ ಫೋನಿಗೆ ಬರುತ್ತದೆ, ರಾತ್ರಿ ಒಂಬತ್ತಕ್ಕೆ ಫೋನು ತಾನಾಗಿ ಬೀಗ ಹಾಕಿಕೊಳ್ಳುವಂತೆ ಮಾಡಬಹುದು. ಇದೆಲ್ಲವನ್ನೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಆಟಗಳೊಳಗಿನ ಮಾತುಕತೆಯ ಕಿಟಕಿಯನ್ನು ಪ್ರತಿಯೊಂದು ಆಟದ ಸೆಟ್ಟಿಂಗ್ಸ್‌ನಲ್ಲೂ ಪ್ರತ್ಯೇಕವಾಗಿ ಮುಚ್ಚಬೇಕಾಗುತ್ತದೆ. ಅಪರಿಚಿತರು ಮಕ್ಕಳನ್ನು ಮೊದಲು ಮಾತಾಡಿಸುವುದು ಹೆಚ್ಚಾಗಿ ಅಲ್ಲಿಯೇ ಎಂಬುದು ನನ್ನ ತರಗತಿಯ ಅನುಭವ.

ಹೆಚ್ಚಿನ ತಂದೆತಾಯಿಯರಿಗೆ ಗೊತ್ತಿಲ್ಲದ ಒಂದು ಸಾಧನವನ್ನು ಇಲ್ಲಿ ಹೇಳಲೇಬೇಕು. ಹುಡುಗಿಯೋ ಹುಡುಗನೋ ತನ್ನ ಖಾಸಗಿ ಚಿತ್ರವನ್ನು ಯಾರಿಗೋ ಕಳಿಸಿ, ಆಮೇಲೆ ಆ ವ್ಯಕ್ತಿ ಅದನ್ನು ಹರಡುತ್ತೇನೆಂದು ಹೆದರಿಸುವ ಪ್ರಕರಣಗಳು ನಮ್ಮ ಶಾಲೆಗಳಿಗೂ ಬಂದಿವೆ. ಅಮೆರಿಕದ ಕಾಣೆಯಾದ ಹಾಗೂ ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ ನಡೆಸುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಹದಿನೆಂಟರೊಳಗೆ ತೆಗೆದ ಚಿತ್ರಗಳಿಗಾಗಿ ಇದೆ; ಹದಿನೆಂಟು ದಾಟಿದವರಿಗೆ 'ಸ್ಟಾಪ್ ಎನ್‌ಸಿಐಐ' ಇದೆ. ಇವುಗಳಲ್ಲಿ ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಚಿತ್ರ ನಮ್ಮ ಫೋನಿನಲ್ಲೇ ಉಳಿದು, ಅದರಿಂದ ಲೆಕ್ಕಹಾಕಿದ ಒಂದು ಸಂಕೇತ, ಬೆರಳಚ್ಚಿನಂಥದ್ದು, ಮಾತ್ರ ಹೊರಗೆ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಭಾಗವಹಿಸುವ ತಾಣಗಳು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಇದನ್ನು ಒಬ್ಬ ವಿದ್ಯಾರ್ಥಿನಿಗೆ ವಿವರಿಸಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, 'ಹಾಗಾದರೆ ಬೇರೆ ಯಾರೂ ನೋಡುವುದಿಲ್ಲವೇ ಟೀಚರ್' ಎಂಬುದಾಗಿತ್ತು. ಜೊತೆಗೆ 1098 ಮಕ್ಕಳ ಸಹಾಯವಾಣಿಯೂ ಇದೆ, ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲಿನಲ್ಲಿ ಹೆಂಗಸರು ಮತ್ತು ಮಕ್ಕಳ ವಿರುದ್ಧದ ಇಂಥ ಅಪರಾಧಗಳನ್ನು ಹೆಸರು ಹೇಳದೆಯೂ ತಿಳಿಸಬಹುದು.

ಅಡಿಕೆತೋಟ

ಮೂವರಿಗೂ ಮನಃಪೂರ್ವಕ ಧನ್ಯವಾದ. ಪಿಯುಸಿ ಓದುತ್ತಿರುವ ಮಗನ ವಿಷಯದಲ್ಲಿ ಇನ್ನೊಂದು ಪ್ರಶ್ನೆಯಿದೆ. ಅವನಿಗೆ ತಿಳಿಯದಂತೆ ಅವನ ಸಂದೇಶಗಳನ್ನು ನನ್ನ ಫೋನಿನಲ್ಲಿ ತೋರಿಸುವ ಆ್ಯಪ್ ಇದೆಯೆಂದು ಸ್ನೇಹಿತರೊಬ್ಬರು ಹೇಳಿದರು. ಅದನ್ನು ಹಾಕಬಹುದೇ?

ಹೇಮಾವತಿ ದಂಡೆ

ನಾನು ಹಾಸನದಲ್ಲಿ ಪದವಿ ಓದುತ್ತಿರುವವಳು, ಹತ್ತೊಂಬತ್ತು ವರ್ಷ. ಹಿರಿಯರ ಚರ್ಚೆಯಲ್ಲಿ ಮಾತಾಡುತ್ತಿರುವುದಕ್ಕೆ ಕ್ಷಮೆಯಿರಲಿ, ಆದರೆ ಈ ಪ್ರಶ್ನೆಗೆ ನನ್ನಂಥವರೂ ಉತ್ತರಿಸಬೇಕು ಅನ್ನಿಸಿತು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ಇಂಥದ್ದೇ ಒಂದು ಆ್ಯಪ್ ಹಾಕಿದ್ದರು. ಫೋನು ಬಿಸಿಯಾಗುತ್ತಿತ್ತು, ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು, ಹುಡುಕಿದಾಗ ಗೊತ್ತಾಯಿತು. ಅಂದಿನಿಂದ ನಾನು ಗೆಳತಿಯ ಫೋನಿನಲ್ಲಿ ಮಾತಾಡಲು ಆರಂಭಿಸಿದೆ. ಅದೇ ವರ್ಷ ಒಬ್ಬ ಅಪರಿಚಿತ ನನ್ನ ಚಿತ್ರವನ್ನು ತಿದ್ದಿ ಹೆದರಿಸಿದಾಗ, ಮನೆಯಲ್ಲಿ ಹೇಳಿದರೆ ನನ್ನ ಸಂದೇಶಗಳೆಲ್ಲ ಚರ್ಚೆಗೆ ಬರುತ್ತವೆ ಎಂಬ ಭಯದಿಂದ ಮೂರು ವಾರ ಸುಮ್ಮನಿದ್ದೆ. ಅಪ್ಪನಿಗೆ ನನ್ನ ಮೇಲೆ ಪ್ರೀತಿಯಿಲ್ಲದೆ ಹಾಗೆ ಮಾಡಲಿಲ್ಲ, ಅದು ನನಗೆ ಗೊತ್ತು. ಆದರೆ ಆ ಆ್ಯಪ್ ಇದ್ದಿದ್ದರಿಂದಲೇ ಅವರಿಗೆ ತಿಳಿಯಬೇಕಾದ ವಿಷಯ ತಿಳಿಯಲಿಲ್ಲ.

ಕೋಡ್‌ಕುಟೀರ

ಹೇಮಾವತಿ ದಂಡೆಯವರ ಮಾತಿಗೆ ತಾಂತ್ರಿಕವಾದ ಒಂದು ಕಾರಣವನ್ನೂ ಸೇರಿಸುತ್ತೇನೆ. ಗುಟ್ಟಾಗಿ ಕಣ್ಣಿಡುವ ಆ್ಯಪ್‌ಗಳನ್ನು ಪ್ಲೇ ಸ್ಟೋರಿನ ನಿಯಮ ಒಪ್ಪುವುದಿಲ್ಲ, ಆದ್ದರಿಂದ ಅವು ಸಾಮಾನ್ಯವಾಗಿ ಹೊರಗಿನಿಂದ ಎಪಿಕೆಯಾಗಿಯೇ ಬರುತ್ತವೆ. ಪ್ಲೇ ಪ್ರೊಟೆಕ್ಟ್ ನಿಲ್ಲಿಸಿ, ಆ್ಯಕ್ಸೆಸಿಬಿಲಿಟಿ ಕೊಡಿ ಎಂದೇ ಕೇಳುತ್ತವೆ. ಅಂದರೆ ಅಮ್ಮನ ಫೋನಿಗೆ ಬಂದ ಕಳ್ಳ ಆ್ಯಪ್ ಮಾಡಿಸುವ ಕೆಲಸವನ್ನೇ ತಂದೆ ಮಗನ ಫೋನಿನಲ್ಲಿ ತಾವಾಗಿ ಮಾಡಿದಂತಾಗುತ್ತದೆ. ಸಂದೇಶಗಳು, ಚಿತ್ರಗಳು, ಹೋದ ಜಾಗಗಳು ಯಾವುದೋ ದೇಶದ ಸರ್ವರಿನಲ್ಲಿ ಕೂಡಿಕೊಳ್ಳುತ್ತವೆ. ಇಂಥ ಕಂಪನಿಗಳ ಸಂಗ್ರಹ ಸೋರಿದ ಪ್ರಕರಣಗಳು ಒಂದೆರಡಲ್ಲ. ದಯವಿಟ್ಟು ಹಾಕಬೇಡಿ. ಮಗನಿಗೆ ಎರಡು ಹಂತದ ದೃಢೀಕರಣ, ಬಿಟ್‌ವಾರ್ಡನ್‌ನಂಥ ಉಚಿತ ಪಾಸ್‌ವರ್ಡ್ ಮ್ಯಾನೇಜರ್, ತನ್ನ ಇಮೇಲ್ ಯಾವ ಸೋರಿಕೆಗಳಲ್ಲಿದೆ ಎಂದು ತೋರಿಸುವ 'ಹ್ಯಾವ್ ಐ ಬೀನ್ ಪೋನ್ಡ್' ತಾಣ, ಇವನ್ನು ಕಲಿಸಿಕೊಡಿ. ಆ ವಯಸ್ಸಿನವರು ಇದನ್ನು ಆಸಕ್ತಿಯಿಂದ ಮಾಡುತ್ತಾರೆ, ಆಮೇಲೆ ಮನೆಯವರೆಲ್ಲರ ಫೋನನ್ನೂ ಅವರೇ ನೋಡಿಕೊಳ್ಳುತ್ತಾರೆ.

ಮ್ಯೂನಿಕ್‌ನಿಂದ

ನನ್ನ ತಂದೆತಾಯಿ ಮೈಸೂರಿನಲ್ಲಿದ್ದಾರೆ, ನಾನು ಜರ್ಮನಿಯಲ್ಲಿ. ದೂರದಲ್ಲಿರುವವರೆಲ್ಲ ಮಾಡುವ ತಪ್ಪೊಂದನ್ನು ನಾನೂ ಮಾಡಿದ್ದೆ: ಇಲ್ಲಿಂದಲೇ ಸರಿಪಡಿಸಲು ಅನುಕೂಲವಾಗಲೆಂದು ಅಪ್ಪನ ಫೋನಿನಲ್ಲಿ ಪರದೆಯನ್ನು ದೂರದಿಂದ ನಡೆಸುವ ಆ್ಯಪ್ ಹಾಕಿಟ್ಟಿದ್ದೆ. ಒಂದು ದಿನ ವಿದ್ಯುತ್ ಬಿಲ್ಲಿನ ನೆಪದಲ್ಲಿ ಕರೆ ಮಾಡಿದವನು ಅಪ್ಪನಿಗೆ ಅದೇ ಆ್ಯಪ್ ತೆರೆದು ಅಂಕಿ ಹೇಳಲು ಕೇಳಿದ. ಮಗ ದಿನವೂ ಕೇಳುತ್ತಿದ್ದ ಅಂಕಿಯೇ ಆದ್ದರಿಂದ ಅಪ್ಪನಿಗೆ ಅನುಮಾನವೇ ಬರಲಿಲ್ಲ. ಅಮ್ಮ ಫೋನು ಕಿತ್ತುಕೊಂಡದ್ದರಿಂದ ಹಣ ಉಳಿಯಿತು. ಇಂಥ ಆ್ಯಪ್‌ಗಳ ದುರ್ಬಳಕೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಈಗ ಅದನ್ನು ತೆಗೆದುಹಾಕಿದ್ದೇನೆ. ಏನಾದರೂ ಬೇಕಾದರೆ ಮೇಲಿನ ಮನೆಯ ಹುಡುಗ ಬಂದು ನೋಡುತ್ತಾನೆ.

ಊರಿಗೆ ಹೋದಾಗ ಇಬ್ಬರ ವಾಟ್ಸ್‌ಆ್ಯಪ್‌ನಲ್ಲೂ ಎರಡು ಹಂತದ ಪರಿಶೀಲನೆಯ ಆರಂಕಿಯ ಪಿನ್ ಹಾಕಿದೆ, 'ಲಿಂಕ್ಡ್ ಡಿವೈಸಸ್'ನಲ್ಲಿ ಬೇರೆ ಯಂತ್ರಗಳಿಲ್ಲವೆಂದು ನೋಡಿದೆ, ಅಪರಿಚಿತ ಕರೆಗಳನ್ನು ಮೌನಗೊಳಿಸಿದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಅಪ್ಪನ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ನೋಡಿದರೆ ಗೊತ್ತಿಲ್ಲದ ಒಂದು ಸಂಖ್ಯೆ ಇತ್ತು, ಅಲ್ಲಿಯೇ ದೂರು ಕೊಟ್ಟೆವು. ಧ್ವನಿಯನ್ನೂ ನಕಲು ಮಾಡುವ ಕಾಲವಾದ್ದರಿಂದ ನಮ್ಮ ಮನೆಗೆ ಒಂದು ಗುಟ್ಟಿನ ಮಾತನ್ನು ಇಟ್ಟುಕೊಂಡಿದ್ದೇವೆ. ನಾನು 'ಅಪಘಾತವಾಗಿದೆ, ಹಣ ಕಳಿಸಿ' ಎಂದು ಅತ್ತರೂ ಅಜ್ಜಿಯ ಮನೆಯ ಎತ್ತಿನ ಹೆಸರು ಹೇಳದೆ ಅಮ್ಮ ಒಂದು ರೂಪಾಯಿ ಕಳಿಸುವುದಿಲ್ಲ.

ಅಡಿಕೆತೋಟ

ಶನಿವಾರ ಊರಿಗೆ ಹೋಗಿದ್ದೆ. ಜಗಲಿಯ ಮೇಲೆ ಕುಳಿತು ಮೊದಲು ಮಾಡಿದ ಕೆಲಸ ನಿಮ್ಮಲ್ಲಿ ಯಾರೂ ಹೇಳಿರಲಿಲ್ಲ: ಅಮ್ಮನ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದೆ, ಅಕ್ಷರವನ್ನು ದೊಡ್ಡದು ಮಾಡಿದೆ. ಆಮೇಲೆ ಅದೇ ಕಡತವನ್ನು ಹೋಲುವ, ಅಪಾಯವಿಲ್ಲದ ಬೇರೊಂದು ಎಪಿಕೆಯನ್ನು ನಾನೇ ಕಳಿಸಿ ಒತ್ತಲು ಹೇಳಿದೆ. ಈ ಬಾರಿ ಎಚ್ಚರಿಕೆ ಕನ್ನಡದಲ್ಲಿ ಬಂತು. ಅಮ್ಮ ಕನ್ನಡಕ ಏರಿಸಿ, ಒಂದೊಂದೇ ಪದ ಬಿಡಿಸಿ ಓದಿ, 'ಇದು ಬೇಡ ಅಂತ ಅದೇ ಹೇಳ್ತಾ ಇದೆಯಲ್ಲೋ' ಎಂದರು. ಆ ಮೇಲೆ ನಿಜವಾದ ಕರೆಯೋಲೆ ಬಂದರೆ ಗುರುತು ಹೇಗೆ ಎಂದು ಕೇಳಿದರು; ಅದು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಏನನ್ನೂ ಅನುಸ್ಥಾಪಿಸಲು ಕೇಳುವುದಿಲ್ಲ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿದೆ. ಸೋಮವಾರ ಬ್ಯಾಂಕಿಗೆ ಹೋಗಿ ಎರಡನೆಯ ಖಾತೆ ತೆರೆದೆವು, ಬೆರಳಚ್ಚಿಗೂ ಬೀಗ ಹಾಕಿದೆವು. ಯುಪಿಐ ಸರ್ಕಲ್ ಅನ್ನು ಅಮ್ಮ ಒಪ್ಪಲಿಲ್ಲ. ತಮ್ಮ ಹಣವನ್ನು ತಾವೇ ಖರ್ಚು ಮಾಡುವುದಾಗಿ ಹೇಳಿದರು, ನಾನು ಒತ್ತಾಯಿಸಲಿಲ್ಲ. ಮಗನ ಫೋನಿಗೆ ಗುಟ್ಟಿನ ಆ್ಯಪ್ ಹಾಕುವ ಯೋಚನೆಯನ್ನು ಕೈಬಿಟ್ಟಿದ್ದೇನೆ.

ಒಂದು ತುರ್ತು ವಿಷಯ. ಅದೇ ಕರೆಯೋಲೆಯನ್ನು ನಮ್ಮ ಇನ್ನಿಬ್ಬರು ನೆಂಟರು ಒತ್ತಿ, ಆ್ಯಪ್ ಒಳಗೆ ಹೋಗಿದೆಯೆಂದು ಇಂದು ತಿಳಿಯಿತು. ಅವರ ಫೋನನ್ನು ಹೇಗೆ ಸರಿಪಡಿಸಬೇಕು?

ಕೋಡ್‌ಕುಟೀರ

ಈಗಲೇ ಎರಡೂ ಫೋನುಗಳ ಮೊಬೈಲ್ ಡೇಟಾ ಮತ್ತು ವೈಫೈ ಆಫ್ ಮಾಡಿ, ಏರ್‌ಪ್ಲೇನ್ ಮೋಡಿಗೆ ಹಾಕಲು ಹೇಳಿ. ಬ್ಯಾಂಕಿಗೆ ಬೇರೆಯವರ ಫೋನಿನಿಂದ ಕರೆ ಮಾಡಿ ಯುಪಿಐ ಮತ್ತು ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಲಿ. ಹಣ ಹೋಗಿದ್ದರೆ ತಕ್ಷಣ 1930. ಪರದೆಯ ಚಿತ್ರಗಳನ್ನು ಇನ್ನೊಂದು ಫೋನಿನಿಂದ ತೆಗೆದಿಟ್ಟುಕೊಳ್ಳಿ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕದ್ರವ್ಯ ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರಿಗೆ ಬೇಕಾಗುತ್ತವೆ. ಆಮೇಲೆ ಆ್ಯಕ್ಸೆಸಿಬಿಲಿಟಿ ಮತ್ತು 'ಡಿವೈಸ್ ಅಡ್ಮಿನ್' ಪಟ್ಟಿಗಳಲ್ಲಿ ಆ ಆ್ಯಪ್‌ಗೆ ಕೊಟ್ಟ ಅನುಮತಿ ತೆಗೆದು ಅದನ್ನು ಅಳಿಸಿ, ಫೋಟೊಗಳನ್ನು ಉಳಿಸಿಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಒಳಗಿನದೆಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿ. ಅವರ ಸಿಮ್ ಅನ್ನು ಇನ್ನೊಂದು ಫೋನಿಗೆ ಹಾಕಿ ನಕ್ಷತ್ರ, ಹ್ಯಾಶ್, 21, ಹ್ಯಾಶ್ ಒತ್ತಿ ಕರೆಗಳು ಬೇರೆಡೆಗೆ ತಿರುಗಿವೆಯೇ ನೋಡಿ. ತಿರುಗಿದ್ದರೆ ಎರಡು ಹ್ಯಾಶ್, 002, ಹ್ಯಾಶ್ ಒತ್ತಿದರೆ ರದ್ದಾಗುತ್ತದೆ. ಪಾಸ್‌ವರ್ಡ್‌ಗಳನ್ನು ರೀಸೆಟ್ ಆದ ನಂತರವೇ ಬದಲಿಸಿ.

ಅಡಿಕೆತೋಟ

ಎರಡೂ ಫೋನುಗಳು ಮುಗಿದವು. ಒಂದರಲ್ಲಿ ಆ್ಯಪ್‌ನ ಚಿತ್ರವೇ ಎಲ್ಲೂ ಕಾಣುತ್ತಿರಲಿಲ್ಲ. ಸೆಟ್ಟಿಂಗ್ಸ್‌ನ ಪಟ್ಟಿಯ ಕೊನೆಯಲ್ಲಿ ಹೆಸರಿಲ್ಲದ ಖಾಲಿ ಸಾಲೊಂದು ಇತ್ತು, ಅದನ್ನು ಒತ್ತಿದಾಗ ಎಸ್‌ಎಂಎಸ್ ಅನುಮತಿ ಪಡೆದದ್ದು ಕಂಡಿತು. ಕರೆಗಳೂ ಬೇರೊಂದು ಸಂಖ್ಯೆಗೆ ತಿರುಗಿದ್ದವು, ರದ್ದು ಮಾಡಿದೆವು. ಒಬ್ಬರ ಖಾತೆಯಿಂದ 18,000 ರೂಪಾಯಿ ಹೋಗಿದ್ದು ಆಗಲೇ ಗೊತ್ತಾದದ್ದು. 1930ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದಿದ್ದೇವೆ, ನಾಳೆ ಬೆಳಿಗ್ಗೆ ಅವರನ್ನು ಕರೆದುಕೊಂಡು ಶಿವಮೊಗ್ಗದ ಸಿಇಎನ್ ಠಾಣೆಗೆ ಹೋಗುತ್ತೇನೆ.